ಸುಣ್ಣದ ಹಿಮದಲ್ಲಿ ಎದ್ದ ಕೈ

ಫೋನಿನಿಂದ ವಾಸನೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಗಡಿಯಲ್ಲಿ ಗುಂಡಿನ ಸುದ್ದಿ ಜೋರಾಗಿದ್ದ ಆ ವಾರ, ಅಣ್ಣನ ಮಗಳು ತನ್ನ ಫೋನನ್ನು ನನ್ನ ಮುಖದ ಹತ್ತಿರ ಹಿಡಿದಾಗ ಮೊದಲು ಬಂದದ್ದು ವಾಸನೆಯೇ. ಪಟಾಕಿ ಸುಟ್ಟ ಮೇಲಿನ ಗಂಧಕ, ಒದ್ದೆ ಸುಣ್ಣ, ಬಿಸಿಲಿಗೆ ಕಾದ ಬಂಡೆ...

"ನೋಡಿ ಚಿಕ್ಕಪ್ಪ, ಗಡೀಲಿ ನಡ್ದಿದ್ದಂತೆ. ಎಲ್ಲರೂ ಇದನ್ನೇ ಹಂಚ್ತಿದಾರೆ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ಬಿಳಿ ಗುಡ್ಡ, ಹೊಗೆ, ಬಂಡೆಗಳ ನಡುವೆ ಬಿದ್ದಿದ್ದ ಒಬ್ಬ ಸೈನಿಕ. ಮುಖದ ತುಂಬ ಮಸಿ. ಅವನ ಎಡಗೈ ನಿಧಾನವಾಗಿ ಮೇಲೆದ್ದಿತು. ಎರಡು ಬೆರಳು ಮುಚ್ಚಿದವು, ತೆರೆದವು, ಮತ್ತೆ ಮುಚ್ಚಿದವು. ನಾನು ಓದಿದ್ದು ನಾಲ್ಕನೆಯ ತರಗತಿವರೆಗೆ. ಕೆಳಗಿದ್ದ ದಪ್ಪ ಅಕ್ಷರವನ್ನು ಕೂಡಿಸಿಕೊಂಡು ಓದಿದೆ: ವೀರ ಯೋಧನ ಕೊನೆಯ ಕ್ಷಣ. ಅದರ ಕೆಳಗೆ ಸಾಲು ಸಾಲು ಮುಗಿದ ಕೈಗಳು.

"ಸಾಕು, ಆರಿಸಮ್ಮ ಅದನ್ನ," ಎಂದೆ.

ಆ ಕೈ ನನಗೆ ಗೊತ್ತು. ಆ ಯೋಧ ಗಡಿಯಲ್ಲಿ ಸಾಯಲಿಲ್ಲ. ಮೂರು ವರ್ಷದ ಹಿಂದೆ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕಿಡ್ನಿ ಕೆಟ್ಟು ತೀರಿಕೊಂಡ. ಅವನು ನನ್ನ ಅಣ್ಣ. ಅವನ ಸಾವಿಗಾಗಿ ಕಣ್ಣೀರು ಹಾಕುತ್ತಿದ್ದ ಸ್ವಂತ ಮಗಳಿಗೇ ಅಪ್ಪನ ಗುರುತು ಸಿಕ್ಕಿರಲಿಲ್ಲ.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ನಾವಿಬ್ಬರೂ ಶಿಡ್ಲಘಟ್ಟದಲ್ಲಿ ಸಾಹೇಬರೊಬ್ಬರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದೆವು. ಆಗಿನ್ನೂ ನಮ್ಮಲ್ಲಿ ಕೈಚರಕ. ಒಲೆಯ ಮೇಲಿನ ಬಿಸಿನೀರಿನಲ್ಲಿ ಗೂಡು ಬೇಯುತ್ತಿತ್ತು. ಅಣ್ಣ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಎಳೆ ಹುಡುಕಿ ಹಿಡಿಯುತ್ತಿದ್ದ. ನಾನು ನಾಲ್ಕು ಮಾರು ಆಚೆ ಕೂತು ಚಕ್ರ ತಿರುಗಿಸುತ್ತಿದ್ದೆ. ಚಕ್ರಗಳ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಎಳೆ ತುಂಡಾದರೆ, ಇಲ್ಲವೆ ಬಿಸಿನೀರಿನಲ್ಲಿ ಕೈ ಸುಟ್ಟರೆ, ಎಳೆ ಹಿಡಿದವನು ಎಡಗೈ ಎತ್ತಿ ಎರಡು ಬೆರಳನ್ನು ಮುಚ್ಚಿ ತೆರೆಯಬೇಕು. ಚಕ್ರದವನು ತಕ್ಷಣ ನಿಲ್ಲಿಸಬೇಕು. ಒಂದು ಸುತ್ತು ಹೆಚ್ಚಾದರೂ ನೂಲು ಸಿಕ್ಕಾಗುತ್ತಿತ್ತು. ಹನ್ನೆರಡು ವರ್ಷ ನಾನು ಅಣ್ಣನ ಮುಖಕ್ಕಿಂತ ಆ ಕೈಯನ್ನೇ ಹೆಚ್ಚು ನೋಡಿದ್ದೇನೆ. ಬೆಂದು ಬೆಂದು ಬಿಳಿಚಿಕೊಂಡ ಬೆರಳುಗಳು, ಉಗುರಿನ ಸುತ್ತ ಕಿತ್ತುಬಂದ ಚರ್ಮ...

ಇಪ್ಪತ್ತೈದು ವರ್ಷದ ಹಿಂದೆ ಒಂದು ದಿನ ಸಿನಿಮಾದ ಏಜೆಂಟನೊಬ್ಬ ಬಂದ. ಮಂಚೇನಹಳ್ಳಿ ಕಡೆಯ ಗುಡ್ಡದಲ್ಲಿ ಯುದ್ಧದ ಸಿನಿಮಾ ತೆಗೆಯುತ್ತಾರೆ, ಸೈನಿಕರಾಗಲು ಜನ ಬೇಕು ಎಂದ. ಸಾಹೇಬರ ಹತ್ತಿರ ಹೋಗಿ, ಎರಡು ದಿನ ಸಿನಿಮಾದಲ್ಲಿ ಸತ್ತು ಬರುತ್ತೇವೆ ಎಂದು ಕೇಳಿದೆವು. ಅವರು ಗಡ್ಡ ನೇವರಿಸಿಕೊಂಡು ನಕ್ಕರು. "ಹೋಗ್ರಪ್ಪಾ ಹೋಗಿ. ಸಾಯೋದಕ್ಕೆ ರಜ ಕೇಳಿದೋರು ನೀವೇ ಮೊದ್ಲು."

ಗುಡ್ಡಕ್ಕೆ ಹೋದಾಗ ನಮಗೆ ನಂಬಲಾಗಲಿಲ್ಲ. ಕಾದು ಕೆಂಡವಾಗುವ ನಮ್ಮ ಸೀಮೆಯ ಬೋಳು ಬಂಡೆಗಳ ಮೇಲೆ ಹಿಮ ಬಿದ್ದಿತ್ತು. ಸುಣ್ಣದ ಪುಡಿ, ಉಪ್ಪು, ಅಲ್ಲಲ್ಲಿ ಹತ್ತಿ. ಕೆಳಗೆ ಕುರಿ ಬಿಟ್ಟುಕೊಂಡು ನಿಂತಿದ್ದ ಅಜ್ಜಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು, "ಏಮ್ರಾ ಇದಿ, ಕೊಂಡಕ್ಕಿ ಸುನ್ನಂ ಕೊಟ್ಟಿನಾರಾ?" ಎಂದು ತೆಲುಗಿನಲ್ಲಿ ಕೇಳಿದಳು. ಗುಡ್ಡಕ್ಕೇ ಸುಣ್ಣ ಬಳಿದಿದ್ದಾರಲ್ಲ ಎಂದು ಅವಳಿಗೆ ಆಶ್ಚರ್ಯ. ಅವಳ ಕುರಿಗಳು ಹಿಮ ನೆಕ್ಕಲು ಹೋಗಿ ಉಪ್ಪಿನ ರುಚಿ ಕಂಡು ಅಲ್ಲಿಂದ ಕದಲಲಿಲ್ಲ.

ಬಟ್ಟೆಯವನು ಎರಡು ರಾಶಿ ಹಾಕಿದ್ದ. ಒಂದರಲ್ಲಿ ಉದ್ದನೆಯ ಅಂಗಿ, ಇನ್ನೊಂದರಲ್ಲಿ ಗಿಡ್ಡನೆಯವು. ಹೀಗಾಗಿ ಎತ್ತರದವರೆಲ್ಲ ನಮ್ಮ ಸೈನ್ಯವಾದರು, ಕುಳ್ಳರೆಲ್ಲ ಶತ್ರುಗಳಾದರು. ಅಣ್ಣ ಎತ್ತರದವನು. ನಾನು ಅಮ್ಮನ ಹಾಗೆ ಗಿಡ್ಡ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ನಾವು ಅರ್ಧ ಗಂಟೆಯಲ್ಲಿ ಎರಡು ದೇಶದವರಾದೆವು. ನನಗೆ ಸಿಕ್ಕ ಬೂಟು ದೊಡ್ಡದಾಗಿತ್ತು, ನಡೆದರೆ ಒಳಗೇ ಕಾಲು ಜಾರುತ್ತಿತ್ತು. ಅಣ್ಣ ಮೀಸೆ ತಿರುವಿಕೊಂಡು, "ಲೋ ವೈರಿ, ಊಟಕ್ಕಾದ್ರೂ ನಮ್ಮ ಕಡೆ ಬಾರೋ," ಎಂದು ಕೂಗಿದ. ಎಲ್ಲರೂ ನಕ್ಕರು. ಅವತ್ತಿನಿಂದ ಅವನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಸಾಯುವವರೆಗೂ ನಾನು ಅವನಿಗೆ ವೈರಿಯೇ.

ಎರಡನೆಯ ದಿನ ಮಧ್ಯಾಹ್ನ ದೊಡ್ಡ ದೃಶ್ಯ. ನಾವು ಶತ್ರುಗಳು ಮೊದಲೇ ಸತ್ತು ಬಿದ್ದಿರಬೇಕು. ಅಣ್ಣ ಮತ್ತು ಇನ್ನು ನಾಲ್ವರು ಓಡಿ ಬರುತ್ತಾರೆ, ನೆಲದಲ್ಲಿ ಹೂತಿಟ್ಟ ಮದ್ದು ಸಿಡಿಯುತ್ತದೆ, ಅವರು ಬಿದ್ದು ಸಾಯುತ್ತಾರೆ. ಮೇಲಿನಿಂದ ಹೀರೊ ಗುಂಡು ಹಾರಿಸುತ್ತ ಇಳಿದು ಬರುತ್ತಾನೆ. ಮೊದಲ ಸಲ ಯಾರೋ ಎಡವಿ ಕೆಟ್ಟಿತು. ಎರಡನೆಯ ಸಲ ಕೆಡಿಸಿದವನು ನಾನು. ಸುಣ್ಣ ಮೂಗಿಗೆ ಹೋಗಿ, ಸತ್ತವನು ಸೀನಿಬಿಟ್ಟೆ. ಚೆಲ್ಲಾಪಿಲ್ಲಿಯಾದ ಹಿಮವನ್ನೆಲ್ಲ ಮತ್ತೆ ಹರಡಬೇಕಾಯಿತು. ಗುಡ್ಡಕ್ಕೆ ಗುಡ್ಡವೇ ನನ್ನನ್ನು ಬೈಯಿತು. ಧ್ವನಿವರ್ಧಕ ಹಿಡಿದವನು ನನ್ನ ಕಡೆಗೇ ತಿರುಗಿ, "ಸತ್ತೋರು ಸತ್ತಂಗೇ ಇರ್ಬೇಕು! ಇನ್ನೊಂದ್ಸಲ ಅಲ್ಲಾಡಿದ್ರೆ ನಿಮ್ಮೂರಿನವರನ್ನೆಲ್ಲ ವಾಪಸ್ ಕಳಿಸ್ತೀನಿ!" ಎಂದು ಕಿರುಚಿದ. ನನ್ನ ಕಿವಿ ಬಿಸಿಯಾಯಿತು. ಈ ಸಲ ಏನಾದರೂ ಸರಿ, ಅಲ್ಲಾಡಬಾರದು ಎಂದು ಹಲ್ಲು ಕಚ್ಚಿಕೊಂಡು ಮಲಗಿದೆ.

ಮೂರನೆಯ ಸಲ ಮದ್ದು ಸಿಡಿದಾಗ ನೆಲ ನನ್ನ ಎದೆಗೆ ಒದ್ದಂತಾಯಿತು. ಕಿವಿಯಲ್ಲಿ ಸಿಳ್ಳೆ. ಹೊಗೆ ಸ್ವಲ್ಪ ಸರಿದ ಮೇಲೆ ತಲೆಯನ್ನು ಬೆರಳಿನಷ್ಟು ಎತ್ತಿ ನೋಡಿದೆ. ಹತ್ತು ಮಾರು ದೂರದಲ್ಲಿ ಅಣ್ಣ ಬಿದ್ದಿದ್ದ. ನಿಲ್ಲಬೇಕಾದ ಜಾಗಕ್ಕಿಂತ ಮುಂದೆ ಬಂದಿದ್ದನೋ, ಮದ್ದು ಇಟ್ಟವರು ಜಾಗ ತಪ್ಪಿದ್ದರೋ, ಇವತ್ತಿಗೂ ಗೊತ್ತಿಲ್ಲ. ಅವನ ಎಡಗೈ ಮೇಲೆದ್ದಿತು. ಎರಡು ಬೆರಳು ಮುಚ್ಚಿದವು, ತೆರೆದವು.

ಸಿನಿಮಾದವರು ನಮಗೆ ಬೀಳುವುದನ್ನು ಹೇಳಿಕೊಟ್ಟಿದ್ದರು, ಹೊರಳುವುದನ್ನು ಹೇಳಿಕೊಟ್ಟಿದ್ದರು. ಆ ಸನ್ನೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನಮ್ಮ ನೂಲು ಮನೆಯದು. ಅವನಿಗೆ ನಿಜವಾಗಿ ಪೆಟ್ಟಾಗಿದೆ ಎಂದು ಆ ಗುಡ್ಡದ ಮೇಲೆ ಗೊತ್ತಿದ್ದವನು ನಾನೊಬ್ಬನೇ.

ನಾನು ಅಲ್ಲಾಡಲಿಲ್ಲ.

ಆ ಸನ್ನೆಗೆ ಇದ್ದ ಅರ್ಥ ಒಂದೇ, ನಿಲ್ಲಿಸು. ಹನ್ನೆರಡು ವರ್ಷ ಆ ಕೈ ಎದ್ದಾಗಲೆಲ್ಲ ನನ್ನ ಮೈ ನಿಂತಿತ್ತು. ಅವತ್ತೂ ನಿಂತಿತು. ಉಸಿರು ಕೂಡ ನಿಂತಿತು. ಇದನ್ನು ನೆಪವಾಗಿ ಹೇಳುತ್ತಿಲ್ಲ... ನೆಪವೂ ಇರಬಹುದು. ಒಂದು ಕಡೆ ಆ ಕೈ, ಇನ್ನೊಂದು ಕಡೆ ಧ್ವನಿವರ್ಧಕದವನ ಮುಖ. ನಾನು ಆ ಮುಖಕ್ಕೆ ಹೆದರಿದೆ. ಆಮೇಲೆ 'ಕಟ್' ಎಂಬ ಕೂಗು ಬಂತು, ಹೆಣಗಳೆಲ್ಲ ಎದ್ದವು, ಅವುಗಳ ಜೊತೆ ನಾನೂ ಎದ್ದು ಓಡಿದೆ. ಇಪ್ಪತ್ತೈದು ವರ್ಷ ನನ್ನ ತಲೆಯೊಳಗೆ ಓಡಿದ ಸಿನಿಮಾ ಇದು.

ಸಿನಿಮಾದವರು ಚಪ್ಪಾಳೆ ತಟ್ಟುತ್ತಿದ್ದರು. "ಏನ್ ಆ್ಯಕ್ಟಿಂಗ್ ಗುರೂ ಅದು, ಆ ಕೈ!" ಎಂದು ಯಾರೋ ಹೇಳಿದ್ದು ನೆನಪಿದೆ. ನಾನು ಅಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅರಚಿದ ಮೇಲೆ ಚಪ್ಪಾಳೆ ನಿಂತಿತು. ಹಿಮದ ಮೇಲೆ ಎರಡು ತರಹದ ಕೆಂಪು ಇತ್ತು. ಒಂದು ಅವರು ಬೆಳಿಗ್ಗೆ ಡಬ್ಬಿಯಿಂದ ಸುರಿದದ್ದು. ಇನ್ನೊಂದು ಬೆಚ್ಚಗಿತ್ತು.

ಅಣ್ಣನನ್ನು ಜೀಪಿನಲ್ಲಿ ಗೌರಿಬಿದನೂರಿಗೆ ಕರೆದುಕೊಂಡು ಹೋದೆವು. ಕಲ್ಲಿನ ಚೂರು ಮೊಣಕಾಲಿನ ಚಿಪ್ಪನ್ನು ಒಡೆದಿತ್ತು. ಒಂದು ಕಿವಿಯ ಪರದೆ ಹರಿದಿತ್ತು. ಜೀಪು ಹೊರಡುವಾಗ ಬಟ್ಟೆಯವನು ಪಕ್ಕದಲ್ಲೇ ಓಡುತ್ತ, "ಬಲಗಾಲಿನ ಬೂಟೆಲ್ಲೋ? ಬೂಟು ಕೊಟ್ಟು ಹೋಗೋ!" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ನೋಡಿಕೊಂಡರೆ ನನ್ನ ಬಲಗಾಲು ಬರಿಗಾಲು. ಎಲ್ಲಿ ಬಿತ್ತೋ ಗೊತ್ತಿರಲಿಲ್ಲ.

ಊರಿನಲ್ಲಿ ಎಲ್ಲರೂ ಕೇಳಿದರು, ಪಕ್ಕದಲ್ಲೇ ಇದ್ದೆಯಲ್ಲ, ಗೊತ್ತಾಗಲಿಲ್ಲವೆ ಎಂದು. "ನಟನೆ ಅಂದ್ಕೊಂಡೆ," ಎಂದೆ. ಅಮ್ಮನಿಗೂ ಅದನ್ನೇ ಹೇಳಿದೆ, ಅತ್ತಿಗೆಗೂ ಅದನ್ನೇ ಹೇಳಿದೆ. ಎಲ್ಲರೂ ನಂಬಿದರು. ಸಿನಿಮಾ ಎಂದರೆ ಹಾಗೇ ಅಲ್ಲವೇ, ಯಾವುದು ದಿಟ ಯಾವುದು ಸಟೆ ಯಾರಿಗೆ ಗೊತ್ತಾಗುತ್ತದೆ ಎಂದರು. ನಂಬದೆ ಇದ್ದಿದ್ದರೆ ಒಳ್ಳೆಯದಿತ್ತು.

ಅಣ್ಣನಿಗೆ ಮತ್ತೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರಲು ಆಗಲಿಲ್ಲ. ಅವನ ಜಾಗದಲ್ಲಿ ನಾನು ಕೂತೆ. ಅವನು ಸ್ಟೂಲಿನ ಮೇಲೆ ಕೂತು ಗೂಡು ಆರಿಸುತ್ತಿದ್ದ, ಜಜ್ಜಿದ್ದು, ಕಲೆಯಾದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು ಎಂದು ಬೇರೆ ಬೇರೆ ಬುಟ್ಟಿಗೆ ಹಾಕುತ್ತಿದ್ದ. ಸಿನಿಮಾದವರು ಕೊಟ್ಟ ಒಂದು ಫೋಟೊ ಅವನ ಮನೆಯ ಗೋಡೆಯಲ್ಲಿತ್ತು, ಸಮವಸ್ತ್ರದಲ್ಲಿ, ಮೀಸೆ ತಿರುವಿಕೊಂಡು. ಹೊಸಬರು ಫೋಟೊ ನೋಡಿ, ಕುಂಟುವ ಕಾಲು ನೋಡಿ, ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು.

"ಯಾವ ಬಾರ್ಡರ್‌ನಲ್ಲಿ ಸಾರ್ ಗಾಯ ಆಗಿದ್ದು?"

"ಮಂಚೇನಹಳ್ಳಿ ಬಾರ್ಡರ್‌ನಲ್ಲಿ," ಎನ್ನುತ್ತಿದ್ದ ಅಣ್ಣ, ಮುಖ ಗಂಭೀರ ಮಾಡಿಕೊಂಡು. "ವೈರಿ ಇಲ್ಲೇ ಇದಾನೆ ನೋಡಿ, ಟೀ ತರ್ತಾನೆ." ಬಂದವರಿಗೆ ಕಕ್ಕಾಬಿಕ್ಕಿ. ಎಲ್ಲರೂ ನಗುತ್ತಿದ್ದರು, ನಾನು ಟೀ ತರಲು ಒಳಗೆ ಹೋಗುತ್ತಿದ್ದೆ. ಒಳಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದೆ.

ಆ ಸಿನಿಮಾ ಮುಂದಿನ ವರ್ಷ ಚಿಂತಾಮಣಿಗೆ ಬಂತು. ಒಂದು ವಾರವೂ ಓಡಲಿಲ್ಲ. ಅಣ್ಣ ಅತ್ತಿಗೆಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ನೋಡಿಬಂದ. ನನ್ನನ್ನೂ ಕರೆದ, ಜ್ವರ ಎಂದು ಸುಳ್ಳು ಹೇಳಿ ಉಳಿದೆ. ವಾಪಸ್ಸು ಬಂದವನು ಮಗುವಿನ ಹಾಗೆ ಕುಣಿಯುತ್ತಿದ್ದ, ಆ ಕುಂಟುಗಾಲಿನಲ್ಲೇ.

"ಲೋ ವೈರಿ, ನಾವಿಬ್ರೂ ಇದೀವಿ ಕಣೋ! ನಿನ್ನ ಹೀರೋನೇ ಗುಂಡು ಹೊಡ್ದು ಸಾಯಿಸ್ತಾನೆ. ನಾಳೆ ಹೋಗಣ ಬಾ, ನೋಡ್ವಂತೆ."

"ನಂಗೆ ಬ್ಯಾಡಣ್ಣ."

"ನೀನು ಬಂದ್ಯಲ್ಲೋ... ಅದನ್ನ ನೋಡು ಒಂದ್ಸಲ."

ನಾನು ಅರ್ಧ ಉಂಡ ತಟ್ಟೆ ಬಿಟ್ಟು ಎದ್ದು ಹೋದೆ. ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡೆ. ಬರಲಿಲ್ಲ ಎಂದು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಂದೆ ಎಂದು ಹೇಳಿದ್ದನ್ನು ತಡೆಯಲಾಗಲಿಲ್ಲ. ಆ ಮಾತನ್ನು ಅವನು ಆಮೇಲೂ ಮೂರು ನಾಲ್ಕು ಸಲ ಹೇಳಿದ. ಪ್ರತಿ ಸಲ ನಾನು ಮಾತು ತಿರುಗಿಸಿದೆ. ಟಿವಿಯಲ್ಲಿ ಯಾವುದೇ ಯುದ್ಧದ ಸಿನಿಮಾ ಬಂದರೂ ಎದ್ದು ಹೊರಗೆ ಹೋದೆ. ಕೊನೆಗೆ ಆಸ್ಪತ್ರೆಯಲ್ಲಿ, ಮೈಯೆಲ್ಲ ಊದಿಕೊಂಡಿದ್ದಾಗ, ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿದ:

"ಆ ಪಿಚ್ಚರ್ ನೀನು ನೋಡ್ಲೇ ಇಲ್ಲ ಅಲ್ವೇನೋ?"

"ಇಲ್ಲಣ್ಣ."

"ಹಠ ಕಣೋ ನಿಂದು," ಎಂದು ನಕ್ಕ. ಅಷ್ಟೇ. ನಾನೂ ಅವನ ಮುಂದೆ ನಿಜ ಹೇಳಲಿಲ್ಲ. ಹೇಳಲು ಮೂರು ದಿನ ಇತ್ತು...

ಇಷ್ಟೆಲ್ಲ ನೆನಪಾಗಿ, ಫೋನಿನಲ್ಲಿ ಆ ಕೈ ನೋಡಿದ ದಿನ ಜಗಲಿಯ ಮೇಲೆ ಕೂತಿದ್ದೆ. ಸಂಜೆಯಾಗುತ್ತಿತ್ತು. ಅಣ್ಣನ ಮಗಳು ಕಾಫಿ ತಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ, "ಅದು ಗಡಿ ಅಲ್ಲಮ್ಮ. ಮಂಚೇನಹಳ್ಳಿ ಗುಡ್ಡ. ಬಿದ್ದಿರೋನು ನಿಮ್ಮಪ್ಪ."

ಅವಳು ನನ್ನನ್ನು ನೋಡಿದಳು, ಫೋನು ನೋಡಿದಳು, ಒಳಗೆ ಓಡಿ ಗೋಡೆಯ ಫೋಟೊ ನೋಡಿ ಬಂದಳು. ಆಮೇಲೆ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು. ಎಷ್ಟೋ ಊರಿನವರು ಅವಳ ಅಪ್ಪನಿಗೆ ಕೈ ಮುಗಿದಿದ್ದರು, ಅವಳೂ ಮುಗಿದಿದ್ದಳು. ಮತ್ತೆ ವಿಡಿಯೊ ಹಾಕಿದಳು. ಈ ಸಲ ನಾನು ಬೇಡ ಎನ್ನಲಿಲ್ಲ. ಬೇಡ ಎಂದು ಎಷ್ಟು ವರ್ಷ ಹೇಳುವುದು.

"ಇಲ್ಲಿಂದ ಮುಂದೆ ನೀವು ನೋಡ್ಲೇ ಇಲ್ಲ ಚಿಕ್ಕಪ್ಪ. ಆ ಕಡೆಯೋನು ಬರ್ತಾನೆ ನೋಡಿ, ನಮ್ಮೋನನ್ನ ಮುಗಿಸೋದಕ್ಕೆ. ಎಲ್ಲರೂ ಅವನಿಗೆ ಬಾಯಿಗೆ ಬಂದಂಗೆ ಬೈದಿದಾರೆ."

ಕೈ ಎದ್ದಿತು. ಮುಚ್ಚಿತು, ತೆರೆಯಿತು. ಹಿಂದೆ ಹೊಗೆಯಲ್ಲಿ ಒಂದಷ್ಟು ಹೆಣಗಳು. ಅವುಗಳಲ್ಲಿ ಒಂದರ ತಲೆ ಸ್ವಲ್ಪ ಮೇಲೆದ್ದು ಹಾಗೇ ನಿಂತಿತು. ನಾನು ಉಸಿರು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಆ ಹೆಣ ಎದ್ದಿತು. ಕೈಯಲ್ಲಿದ್ದ ಬಂದೂಕನ್ನು ಬಿಸಾಡಿತು. ಓಡಿತು. ಉಳಿದ ಹೆಣಗಳು ಅಲ್ಲಾಡದೆ ಮಲಗಿದ್ದವು. ಆ ಕುಳ್ಳ ಶತ್ರು ಬಂಡೆಯಿಂದ ಬಂಡೆಗೆ ಎಡವುತ್ತ ಓಡಿ ಬರುತ್ತಿದ್ದ. ಅವನ ಒಂದು ಕಾಲಿನಲ್ಲಿ ಬೂಟು ಇರಲಿಲ್ಲ. ಬಲಗಾಲಿನಲ್ಲಿ.

ಇನ್ನೊಂದು ಸಲ ಹಾಕಿಸಿದೆ. ಮತ್ತೊಂದು ಸಲ. ಕಟ್ ಎಂದ ಮೇಲೆ ಎದ್ದಿದ್ದರೆ ಎಲ್ಲ ಹೆಣಗಳೂ ಎದ್ದಿರಬೇಕಿತ್ತು. ಅಲ್ಲಿ ಎದ್ದದ್ದು ಒಂದೇ. ನಾನು ಎದ್ದಾಗ ಯಾರೂ ಕಟ್ ಎಂದಿರಲಿಲ್ಲ. ಕೆಟ್ಟುಹೋದ ದೃಶ್ಯವನ್ನು ಸಿನಿಮಾದವರು ಹಾಗೇ ಇಟ್ಟುಕೊಂಡು, ಅಣ್ಣ ಹೇಳಿದ್ದಂತೆ ಹೀರೊ ಕೈಯಲ್ಲಿ ನನಗೆ ಗುಂಡು ಹೊಡೆಸಿದ್ದರು.

"ಏನಂತ ಬೈದಿದಾರೆ, ಓದಮ್ಮ," ಎಂದೆ.

"ಬೇಡ ಚಿಕ್ಕಪ್ಪ, ತುಂಬ ಕೆಟ್ಟದಾಗಿ ಬರ್ದಿದಾರೆ."

"ಓದು ಪರವಾಗಿಲ್ಲ. ಅವನು ನಾನೇ."

ಅವಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಆಮೇಲೆ ಓದಿದಳು. ಪಾಪಿ, ರಾಕ್ಷಸ, ಬಿದ್ದವನ ಮೇಲೆ ಬೀಳಲು ಓಡುವ ನಾಯಿ. ಒಬ್ಬೊಬ್ಬರು ಬೈದ ಹಾಗೆಲ್ಲ ನನ್ನ ಎದೆಯ ಮೇಲಿನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಆಚೆ ಇಟ್ಟಂತಾಯಿತು. ಅಣ್ಣನ ಕಡೆ ಓಡಿದ್ದಕ್ಕಾಗಿ ನನ್ನನ್ನು ಬೈಯುತ್ತಿದ್ದಾರೆ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನಾನು ನಗಲು ಶುರುಮಾಡಿದೆ. ನಿಲ್ಲಿಸಲಾಗಲಿಲ್ಲ. ಅವಳು, ಇದು ಸಿನಿಮಾ, ಬಿದ್ದಿರುವವರು ನಮ್ಮಪ್ಪ, ಓಡಿ ಬರುತ್ತಿರುವವರು ನಮ್ಮ ಚಿಕ್ಕಪ್ಪ, ಎಂದು ಅದರ ಕೆಳಗೆ ಬರೆದಳು. ಗಳಿಗೆಯಲ್ಲೇ ಯಾರೋ, ನೀನು ಯಾವ ದೇಶದವಳು ಎಂದು ಕೇಳಿದರು.

ನಗು ಕೇಳಿ ಅತ್ತಿಗೆ ಒಳಗಿನಿಂದ ಬಂದರು. ಆಗ ಹೇಳಿಬಿಟ್ಟೆ. "ಅತ್ತಿಗೆ, ಅವತ್ತು ನಟನೆ ಅಂದ್ಕೊಂಡೆ ಅಂದ್ನಲ್ಲ, ಅದು ಸುಳ್ಳು. ಕೈ ನೋಡಿದ್ದೆ. ಗೊತ್ತಾಗಿತ್ತು. ಗೊತ್ತಾಗಿಯೂ ಮಲಗಿದ್ದೆ."

ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಎದುರಿಗೆ ಕೂತರು.

"ಅದು ನಮಗೆ ಚಿಂತಾಮಣೀಲೇ ಗೊತ್ತಾಯ್ತಲ್ಲಪ್ಪ. ಅಷ್ಟು ದೊಡ್ಡ ಪರದೆ ಮೇಲೆ ಕಾಣಿಸಲ್ವಾ? ನೀನು ತಲೆ ಎತ್ತಿದ್ದು, ಹಂಗೇ ಕಲ್ಲಾದದ್ದು, ಎಲ್ಲಾ ಕಾಣಿಸ್ತು. ನಿಮ್ಮಣ್ಣ ಬಸ್ಸಿನಲ್ಲಿ ಬರ್ತಾ ಅಂದ್ರು, ಪಾಪ ಹೆದರ್ಕೊಂಡು ತಡ ಮಾಡ್ದ, ಆದ್ರೂ ಆ ಬೈಯೋರ ಮುಂದೆ ಎದ್ದು ಬಂದ್ನಲ್ಲ ಕಣೇ, ಅಂತ. ನೀನು ನೋಡ್ಲಿ ಅಂತ ಎಷ್ಟು ಸಲ ಹೇಳಿದ್ರು. ನೀನು ಕೇಳಿದ್ರೆ ತಾನೆ?"

ಅಣ್ಣ ಸುಳ್ಳು ಹೇಳಿರಲಿಲ್ಲ. ನನ್ನ ತಪ್ಪು ನಾಲ್ಕು ಉಸಿರಿನಷ್ಟು ಉದ್ದವಿತ್ತು. ಅದನ್ನು ಇಪ್ಪತ್ತೈದು ವರ್ಷಕ್ಕೆ ಎಳೆದವನು ನಾನೇ. ಅವನ ಮಾತನ್ನು ನಂಬದೆ, ಒಂದು ಸಲವೂ ನೋಡದೆ ಕೂತದ್ದು ಆ ನಾಲ್ಕು ಉಸಿರಿಗಿಂತ ದೊಡ್ಡ ತಪ್ಪು. ಅದನ್ನು ಒಪ್ಪಿಕೊಳ್ಳಬೇಕಾದವನು ಈಗ ಇಲ್ಲ. ಆದರೂ ಅವತ್ತು ಎಷ್ಟೋ ಕಾಲದ ಮೇಲೆ ಎರಡು ಮುದ್ದೆ ಉಂಡೆ.

ಈಗ ಆ ವಿಡಿಯೊ ನನ್ನ ಫೋನಿನಲ್ಲೂ ಇದೆ, ಅಣ್ಣನ ಮಗಳು ಹಾಕಿಕೊಟ್ಟಿದ್ದಾಳೆ. ಕೆಲಸ ಇಲ್ಲದಾಗ ನೋಡುತ್ತೇನೆ. ಅದು ಬಹಳ ಚಿಕ್ಕದು. ಬರಿಗಾಲಿನಲ್ಲಿ ಓಡಿ ಓಡಿ ನಾನು ಅವನಿಂದ ಎರಡು ಮಾರು ದೂರಕ್ಕೆ ಬರುತ್ತೇನೆ. ಅವನ ಕೈ ಇನ್ನೂ ಮೇಲೇ ಇರುತ್ತದೆ. ನಾನು ಕೈ ಚಾಚುತ್ತೇನೆ... ಅಷ್ಟರಲ್ಲಿ ಅದು ಮುಗಿದುಹೋಗುತ್ತದೆ.